ಇಂಗ್ಲಿಷ್ ವಾಕ್ಯಕ್ಕೆ ಬಲ ಬರುವುದು ಎಲ್ಲಿಂದ? ವಾಕ್ಯರಚನೆ ಮತ್ತು ಅಲಂಕಾರಗಳಿಗೊಂದು ಮಾರ್ಗದರ್ಶಿ

"ವ್ಯಾಕರಣದ ತಪ್ಪಿಲ್ಲದೆ ಇಂಗ್ಲಿಷ್ ಬರೆಯುತ್ತೇನೆ. ಆದರೂ ಓದಿದರೆ ಸಪ್ಪೆ ಎನಿಸುತ್ತದೆ. ಯಾವ ಅಲಂಕಾರಗಳನ್ನು ಕಲಿತರೆ ಬರಹ ಸುಧಾರಿಸುತ್ತದೆ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಕೇಳುತ್ತಾರೆ, ಕಚೇರಿಯ ವರದಿ ಬರೆಯುವವರು ಕೇಳುತ್ತಾರೆ, ಭಾಷಣ ಸಿದ್ಧಪಡಿಸುವವರೂ ಕೇಳುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಅಲಂಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ವಾಕ್ಯ ಕಟ್ಟುವುದನ್ನು ಕಲಿಯಿರಿ. ಇಂಗ್ಲಿಷ್ ಗದ್ಯದಲ್ಲಿ ಹೆಚ್ಚು ಕೆಲಸ ಮಾಡುವ ಅಲಂಕಾರಗಳು ವಾಕ್ಯರಚನೆಯೊಳಗಿನ ತೀರ್ಮಾನಗಳೇ ಆಗಿವೆ: ಯಾವ ಮಾತು ಮೊದಲು ಬರಬೇಕು, ಯಾವುದು ಕೊನೆಗೆ ನಿಲ್ಲಬೇಕು, ಯಾವುದನ್ನು ಎರಡು ಸಲ ಹೇಳಬೇಕು, ಎಲ್ಲಿ "ಆ್ಯಂಡ್" ಬೇಕು, ಎಲ್ಲಿ ಬೇಡ.

ನಿಮಗೆ ಬೇಕಾದದ್ದು ಬಹಳವಿಲ್ಲ. ನೀವೇ ಬರೆದ, ಹತ್ತು ಹನ್ನೆರಡು ವಾಕ್ಯಗಳ ಒಂದು ಇಂಗ್ಲಿಷ್ ಬರಹವನ್ನು ಎದುರಿಗೆ ಇಟ್ಟುಕೊಳ್ಳಿ. ಹೊಸದಾಗಿ ಬರೆಯಬೇಡಿ, ಹಳೆಯದೇ ಇರಲಿ. ಒಂದು ಪೆನ್ಸಿಲ್, ಗಟ್ಟಿಯಾಗಿ ಓದಲು ಸ್ವಲ್ಪ ಏಕಾಂತ, ಅಷ್ಟು ಸಾಕು. ಇಲ್ಲಿನ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಬಾಯಿಬಿಟ್ಟು ಓದುತ್ತಾ ಮುಂದೆ ಹೋಗಿ.

ಹಂತ 1: ವಾಕ್ಯ ಯಾವ ಬಗೆಯದು ಎಂದು ಗುರುತಿಸಿ

ನಿಮ್ಮ ಬರಹದ ಪ್ರತಿ ವಾಕ್ಯದಲ್ಲೂ ಕರ್ತೃಪದಕ್ಕೂ ಅದಕ್ಕೆ ಸೇರಿದ ಪೂರ್ಣ ಕ್ರಿಯಾಪದಕ್ಕೂ ಅಡಿಗೆರೆ ಎಳೆಯಿರಿ. ಇವೆರಡೂ ಕೂಡಿದ ಘಟಕವನ್ನು ಉಪವಾಕ್ಯ ಎನ್ನೋಣ. ಉಪವಾಕ್ಯಗಳು ಎಷ್ಟಿವೆ, ಅವು ಹೇಗೆ ಕೂಡಿಕೊಂಡಿವೆ ಎಂಬುದರ ಮೇಲೆ ವಾಕ್ಯದ ಬಗೆ ನಿರ್ಧಾರವಾಗುತ್ತದೆ.

ಒಂದೇ ಉಪವಾಕ್ಯವಿದ್ದರೆ ಅದು ಸಾಮಾನ್ಯ ವಾಕ್ಯ, ಇಂಗ್ಲಿಷ್‌ನವರ ಸಿಂಪಲ್ ಸೆಂಟೆನ್ಸ್. "ದಿ ಟ್ರೇನ್ ಲೆಫ್ಟ್" ಎಂಬುದು ಸಾಮಾನ್ಯ ವಾಕ್ಯ. "ದಿ ಲಾಸ್ಟ್ ಟ್ರೇನ್ ಟು ದಿ ಕೋಸ್ಟ್ ಲೆಫ್ಟ್ ದಿ ಕ್ರೌಡೆಡ್ ಸ್ಟೇಷನ್ ಇನ್ ಹೆವಿ ರೇನ್" ಎಂಬುದೂ ಸಾಮಾನ್ಯ ವಾಕ್ಯವೇ, ಏಕೆಂದರೆ ಪೂರ್ಣ ಕ್ರಿಯಾಪದ "ಲೆಫ್ಟ್" ಒಂದೇ. ಉದ್ದಕ್ಕೂ ಬಗೆಗೂ ಸಂಬಂಧವಿಲ್ಲ.

ತಮ್ಮ ಕಾಲ ಮೇಲೆ ತಾವೇ ನಿಲ್ಲಬಲ್ಲ ಎರಡು ಉಪವಾಕ್ಯಗಳು ಸಮಾನವಾಗಿ ಕೂಡಿದರೆ ಸಂಯೋಜಿತ ವಾಕ್ಯ, ಅಂದರೆ ಕಾಂಪೌಂಡ್ ಸೆಂಟೆನ್ಸ್: "ದಿ ಟ್ರೇನ್ ಲೆಫ್ಟ್, ಬಟ್ ಶಿ ಸ್ಟೇಡ್." ಹೀಗೆ ಕೂಡಿಸುವ ಪದಗಳು ಏಳು: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಬದಲು ಅರ್ಧವಿರಾಮ ಚಿಹ್ನೆಯಿಂದಲೂ ಕೂಡಿಸಬಹುದು.

ಒಂದು ಉಪವಾಕ್ಯ ಇನ್ನೊಂದಕ್ಕೆ ಅಧೀನವಾಗಿದ್ದರೆ ಮಿಶ್ರ ವಾಕ್ಯ, ಅಂದರೆ ಕಾಂಪ್ಲೆಕ್ಸ್ ಸೆಂಟೆನ್ಸ್: "ಶಿ ಸ್ಟೇಡ್ ಬಿಕಾಸ್ ದಿ ಟ್ರೇನ್ ಹ್ಯಾಡ್ ಲೆಫ್ಟ್." ಬಿಕಾಸ್, ಆಲ್ದೋ, ವೆನ್, ಇಫ್, ವೈಲ್, ಹೂ, ವಿಚ್ ಮುಂತಾದ ಪದಗಳಿಂದ ಆರಂಭವಾಗುವ ಉಪವಾಕ್ಯ ಅಧೀನ ಉಪವಾಕ್ಯ. ಸಂಯೋಜಿತ ಮತ್ತು ಮಿಶ್ರ ಎರಡೂ ಕೂಡಿದ ನಾಲ್ಕನೆಯ ಬಗೆಯೂ ಇದೆ. ಅದರ ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ವಿಂಗಡಣೆ ಏಕೆ ಬೇಕು? ಯಾವ ಸಂಗತಿಗೆ ಹೆಚ್ಚು ಮಹತ್ವ ಕೊಡುತ್ತಿದ್ದೀರಿ ಎಂಬುದನ್ನು ಓದುಗರಿಗೆ ತಿಳಿಸುವುದು ವಾಕ್ಯದ ಬಗೆಯೇ. ಈ ಎರಡನ್ನು ಹೋಲಿಸಿ ನೋಡಿ. "ಆಲ್ದೋ ಶಿ ವಾಸ್ ಟಯರ್ಡ್, ಶಿ ಫಿನಿಶ್ಡ್ ದಿ ವರ್ಕ್." "ಆಲ್ದೋ ಶಿ ಫಿನಿಶ್ಡ್ ದಿ ವರ್ಕ್, ಶಿ ವಾಸ್ ಟಯರ್ಡ್." ಎರಡರಲ್ಲೂ ಇರುವ ಮಾಹಿತಿ ಒಂದೇ. ಮೊದಲನೆಯದನ್ನು ಓದಿದವರ ಮನಸ್ಸಿನಲ್ಲಿ ಉಳಿಯುವುದು ಅವಳು ಮುಗಿಸಿದ ಕೆಲಸ, ಎರಡನೆಯದರಲ್ಲಿ ಅವಳ ದಣಿವು. ಮುಖ್ಯವಾದದ್ದನ್ನು ಪ್ರಧಾನ ವಾಕ್ಯದಲ್ಲಿ ಇಡಿ, ಹಿನ್ನೆಲೆಯನ್ನು ಅಧೀನ ಉಪವಾಕ್ಯಕ್ಕೆ ಬಿಡಿ. ಸಪ್ಪೆ ಎನಿಸುವ ಬರಹಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷವೆಂದರೆ ಎಲ್ಲ ಸಂಗತಿಗಳೂ "ಆ್ಯಂಡ್" ಹಿಡಿದು ಒಂದೇ ಸಾಲಿನಲ್ಲಿ ನಿಂತಿರುವುದು.

ಇಲ್ಲಿ ಕನ್ನಡಿಗರು ವಿಶೇಷವಾಗಿ ಎಡವುವ ಜಾಗಗಳಿವೆ. ಒಂದೊಂದನ್ನೂ ನಿಮ್ಮ ಬರಹದಲ್ಲಿ ಹುಡುಕಿ.

"ಆಲ್ದೋ" ಮತ್ತು "ಬಟ್" ಒಂದೇ ವಾಕ್ಯದಲ್ಲಿ ಬರಬಾರದು. "ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್" ತಪ್ಪು. ಎರಡರಲ್ಲಿ ಒಂದನ್ನು ತೆಗೆಯಿರಿ.

ಬರಿಯ ಅಲ್ಪವಿರಾಮದಿಂದ ಎರಡು ಸ್ವತಂತ್ರ ಉಪವಾಕ್ಯಗಳನ್ನು ಅಂಟಿಸಬೇಡಿ. "ದಿ ರಿಪೋರ್ಟ್ ಈಸ್ ಲೇಟ್, ದಿ ಮ್ಯಾನೇಜರ್ ಈಸ್ ಆ್ಯಂಗ್ರಿ" ಎಂಬಲ್ಲಿ ಪೂರ್ಣವಿರಾಮವಾದರೂ ಬೇಕು, ಅರ್ಧವಿರಾಮವಾದರೂ ಬೇಕು, ಇಲ್ಲವೇ ಕೂಡಿಸುವ ಪದ ಬೇಕು. "ಹೌಎವರ್" ಮತ್ತು "ದೇರ್‌ಫೋರ್" ಕೂಡಿಸುವ ಪದಗಳಂತೆ ಕಾಣುತ್ತವೆ, ಆದರೆ ಮೇಲಿನ ಏಳರ ಪಟ್ಟಿಯಲ್ಲಿ ಅವು ಇಲ್ಲ. ಅವುಗಳ ಹಿಂದೆ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಹಾಕಿ.

ವಾಕ್ಯದೊಳಗೆ ಅಡಗಿದ ಪ್ರಶ್ನೆಯಲ್ಲಿ ಪದಕ್ರಮ ಬದಲಾಗುತ್ತದೆ. "ಐ ಆಸ್ಕ್ಡ್ ಹಿಮ್ ವೇರ್ ಈಸ್ ಹಿ ಗೋಯಿಂಗ್" ಎಂದು ಬರೆಯುವವರು ಬಹಳ. ಸರಿಯಾದದ್ದು "ಐ ಆಸ್ಕ್ಡ್ ಹಿಮ್ ವೇರ್ ಹಿ ವಾಸ್ ಗೋಯಿಂಗ್." ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಾದದ್ದು. ಕನ್ನಡದಲ್ಲಿ "ಕಚೇರಿಗೆ ನಡೆದುಹೋಗುತ್ತಿರುವಾಗ ಮಳೆ ಶುರುವಾಯಿತು" ಎನ್ನುತ್ತೇವೆ. ನಡೆಯುತ್ತಿದ್ದವರು ಯಾರು ಎಂದು ಹೇಳದಿದ್ದರೂ ವಾಕ್ಯ ಸರಿ. ಅದೇ ಅಚ್ಚಿನಲ್ಲಿ "ವಾಕಿಂಗ್ ಟು ದಿ ಆಫೀಸ್, ದಿ ರೇನ್ ಸ್ಟಾರ್ಟೆಡ್" ಎಂದು ಬರೆದರೆ ಇಂಗ್ಲಿಷ್‌ನಲ್ಲಿ ಮಳೆಯೇ ಕಚೇರಿಗೆ ನಡೆದುಹೋದಂತಾಗುತ್ತದೆ. "-ಇಂಗ್" ರೂಪದಿಂದ ವಾಕ್ಯ ಆರಂಭಿಸಿದರೆ ಅಲ್ಪವಿರಾಮದ ನಂತರ ಬರುವ ಕರ್ತೃವೇ ಆ ಕೆಲಸ ಮಾಡಿದವರಾಗಿರಬೇಕು. ಇಲ್ಲದಿದ್ದರೆ "ವೆನ್ ಐ ವಾಸ್ ವಾಕಿಂಗ್" ಎಂದು ಬಿಡಿಸಿ ಬರೆಯಿರಿ.

ಹಂತ 2: ವಾಕ್ಯದ ಕೊನೆಯ ಪದಗಳನ್ನು ನೋಡಿ

ಈ ಇಡೀ ಲೇಖನದಲ್ಲಿ ಒಂದೇ ಹಂತವನ್ನು ಅಭ್ಯಾಸ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಆರಿಸಿಕೊಳ್ಳಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಅಲ್ಲಿಯವರೆಗೆ ಕಾಯುವುದು ನಮ್ಮ ಓದಿನ ಸಹಜ ಅಭ್ಯಾಸ. ಇಂಗ್ಲಿಷ್‌ನಲ್ಲಿ ಕರ್ತೃ, ಕ್ರಿಯಾಪದ, ಕರ್ಮ ಎಂಬ ಕ್ರಮ. ಕ್ರಿಯಾಪದ ಬೇಗನೆ ಬಂದುಬಿಡುವುದರಿಂದ ವಾಕ್ಯದ ಕೊನೆಯ ಸ್ಥಾನ ಬೇರೆ ಮಾತಿಗೆ ಖಾಲಿ ಉಳಿಯುತ್ತದೆ. ಅಲ್ಲಿ ನಿಂತ ಪದಕ್ಕೆ ಹೆಚ್ಚು ಒತ್ತು ಸಿಗುತ್ತದೆ. ಅನುಭವಿ ಬರಹಗಾರರು ಆ ಸ್ಥಾನವನ್ನು ಎಂದೂ ಪೋಲು ಮಾಡುವುದಿಲ್ಲ.

"ದಿ ಪ್ಲಾನ್ ಈಸ್ ಟೂ ಎಕ್ಸ್‌ಪೆನ್ಸಿವ್, ಇನ್ ಮೈ ಒಪಿನಿಯನ್" ಎಂಬ ವಾಕ್ಯದಲ್ಲಿ ಕೊನೆಯ ಒತ್ತು ಬಿದ್ದಿರುವುದು "ನನ್ನ ಅಭಿಪ್ರಾಯದಲ್ಲಿ" ಎಂಬ ಮಾತಿನ ಮೇಲೆ. "ಇನ್ ಮೈ ಒಪಿನಿಯನ್, ದಿ ಪ್ಲಾನ್ ಈಸ್ ಟೂ ಎಕ್ಸ್‌ಪೆನ್ಸಿವ್" ಎಂದರೆ ಹೇಳಬೇಕಾದದ್ದು ಹೇಳಬೇಕಾದ ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ಬರಹದ ಪ್ರತಿ ವಾಕ್ಯದ ಕೊನೆಯ ಎರಡು ಮೂರು ಪದಗಳಿಗೆ ಸುತ್ತು ಹಾಕಿ. "ಆಲ್ಸೋ", "ಎಟ್ಸೆಟರಾ", "ಇನ್ ದಿಸ್ ರಿಗಾರ್ಡ್" ಇಂಥವೇ ಹೆಚ್ಚಾಗಿ ಸಿಕ್ಕಿದರೆ ಬರಹ ಏಕೆ ಸಪ್ಪೆಯಾಯಿತು ಎಂಬುದು ನಿಮಗೇ ತಿಳಿಯುತ್ತದೆ.

ಮುಖ್ಯ ಮಾತನ್ನು ಕೊನೆಯವರೆಗೆ ತಡೆದಿಡುವ ವಾಕ್ಯಕ್ಕೆ ಪೀರಿಯಾಡಿಕ್ ಸೆಂಟೆನ್ಸ್ ಎಂದು ಹೆಸರು. ಮುಖ್ಯ ಮಾತನ್ನು ಮೊದಲೇ ಹೇಳಿ ವಿವರಗಳನ್ನು ಹಿಂದಿನಿಂದ ಸೇರಿಸುತ್ತಾ ಹೋಗುವುದು ಲೂಸ್ ಸೆಂಟೆನ್ಸ್. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ಜವಾಹರಲಾಲ್ ನೆಹರೂ ಹೇಳಿದ ವಾಕ್ಯ ಮೊದಲನೆಯದಕ್ಕೆ ಒಳ್ಳೆಯ ಮಾದರಿ: "ಅಟ್ ದಿ ಸ್ಟ್ರೋಕ್ ಆಫ್ ದಿ ಮಿಡ್‌ನೈಟ್ ಅವರ್, ವೆನ್ ದಿ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಆ್ಯಂಡ್ ಫ್ರೀಡಮ್." ಮೊದಲು ಹೊತ್ತು, ಆಮೇಲೆ ಮಲಗಿದ ಜಗತ್ತು, ಕೊನೆಗೆ ಎಚ್ಚರಗೊಳ್ಳುವ ದೇಶ. "ಫ್ರೀಡಮ್" ಎಂಬ ಪದ ಕಟ್ಟಕಡೆಗೆ ಬರುತ್ತದೆ. ಇದನ್ನೇ "ಇಂಡಿಯಾ ವಿಲ್ ಅವೇಕ್" ಎಂದು ಆರಂಭಿಸಿ "ವೆನ್ ದಿ ವರ್ಲ್ಡ್ ಸ್ಲೀಪ್ಸ್" ಎಂದು ಮುಗಿಸಿ ಓದಿ ನೋಡಿ. ವ್ಯಾಕರಣ ಸರಿಯಾಗಿಯೇ ಇರುತ್ತದೆ, ಆದರೆ ವಾಕ್ಯ ನಿದ್ರೆಯಲ್ಲಿ ಮುಗಿಯುತ್ತದೆ.

ಎಚ್ಚರಿಕೆಯ ಮಾತೊಂದಿದೆ. ಮುಖ್ಯ ಮಾತನ್ನು ತಡೆದಿಡುವ ರಚನೆ ನಮಗೆ ಕನ್ನಡದಿಂದಾಗಿ ಬಹಳ ಸಹಜ. ಎಲ್ಲ ವಾಕ್ಯಗಳನ್ನೂ ಹೀಗೆ ಬರೆದರೆ ಇಂಗ್ಲಿಷ್ ಓದುಗರು ಸುಸ್ತಾಗುತ್ತಾರೆ. ಒಂದು ಪ್ಯಾರಾದಲ್ಲಿ ಒಂದು ಸಾಕು, ಉಳಿದವು ಲೂಸ್ ವಾಕ್ಯಗಳಾಗಿರಲಿ.

ಕರ್ಮಣಿ ಪ್ರಯೋಗವನ್ನು, ಅಂದರೆ ಪ್ಯಾಸಿವ್ ವಾಯ್ಸನ್ನು, ಪೂರ್ತಿ ಬಿಟ್ಟುಬಿಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. "ದಿ ಲೆಟರ್ ವಾಸ್ ರಿಟನ್ ಬೈ ಎ ಚೈಲ್ಡ್" ಎಂಬಲ್ಲಿ ಅಚ್ಚರಿಯ ಸಂಗತಿ ಮಗು, ಅದನ್ನು ಕೊನೆಯ ಸ್ಥಾನಕ್ಕೆ ತಲುಪಿಸಿದ್ದು ಕರ್ಮಣಿ ಪ್ರಯೋಗವೇ. ಹೊಣೆ ಯಾರದೆಂದು ಮರೆಮಾಚಲು ಬಳಸುವ "ಮಿಸ್ಟೇಕ್ಸ್ ವರ್ ಮೇಡ್" ಎಂಬಂಥ ಪ್ರಯೋಗವನ್ನು ಮಾತ್ರ ಬಿಡಿ.

ಹಂತ 3: ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ

ಉದ್ದೇಶದ ಮೇಲೆ ವಾಕ್ಯಗಳಲ್ಲಿ ನಾಲ್ಕು ವಿಧ. ಇದು ಶಾಲೆಯಲ್ಲೇ ಕಲಿತ ವಿಷಯ, ಬೇಗ ದಾಟೋಣ. ಹೇಳಿಕೆಗಳ ನಡುವೆ ಒಂದು ಪ್ರಶ್ನೆ ಬಂದರೆ ಓದುಗರು ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಉತ್ತರವನ್ನು ನಿರೀಕ್ಷಿಸದೆ, ಒಪ್ಪಿಗೆಯನ್ನು ನಿರೀಕ್ಷಿಸಿ ಕೇಳುವ ಪ್ರಶ್ನೆಗೆ ರೆಟರಿಕಲ್ ಕ್ವೆಶ್ಚನ್ ಎನ್ನುತ್ತಾರೆ. ಓದುಗರು "ಇಲ್ಲ" ಎಂದು ಸುಲಭವಾಗಿ ಹೇಳಿಬಿಡಬಹುದಾದರೆ ಆ ಪ್ರಶ್ನೆಯನ್ನು ತೆಗೆಯಿರಿ, ಏಕೆಂದರೆ ನಿಮ್ಮ ವಾದ ಅಲ್ಲೇ ಮುರಿದುಬೀಳುತ್ತದೆ. "ಹ್ಯಾವ್ ಯು ಎವರ್ ವಂಡರ್ಡ್" ಎಂದು ಪ್ರಬಂಧ ಆರಂಭಿಸುವುದು ಸವೆದುಹೋದ ದಾರಿ.

ಆಜ್ಞಾರ್ಥಕದಲ್ಲಿ ಒಂದು ವ್ಯತ್ಯಾಸ ನೆನಪಿಡಿ. "ಕಳುಹಿಸಿ" ಎಂಬ ಕನ್ನಡ ರೂಪದಲ್ಲೇ ಗೌರವ ಅಡಗಿದೆ. ಇಂಗ್ಲಿಷ್‌ನ "ಸೆಂಡ್" ಎಂಬ ರೂಪದಲ್ಲಿ ಅದಿಲ್ಲ. ಕಚೇರಿಯ ಪತ್ರದಲ್ಲಿ "ಕುಡ್ ಯು ಸೆಂಡ್" ಎಂದೋ "ಪ್ಲೀಸ್ ಸೆಂಡ್" ಎಂದೋ ಬರೆಯಿರಿ. ಉದ್ಗಾರ ಚಿಹ್ನೆಯನ್ನು ವರದಿಯಲ್ಲಿ ಬಳಸಲೇಬೇಡಿ.

ಹಂತ 4: ಉದ್ದವನ್ನು ಏರುಪೇರು ಮಾಡಿ

ವಾಕ್ಯಗಳ ಪದಗಳನ್ನು ಎಣಿಸಿ, ಅಂಚಿನಲ್ಲಿ ಸಂಖ್ಯೆ ಬರೆಯಿರಿ. ಹನ್ನೆರಡು, ಹದಿಮೂರು, ಹನ್ನೊಂದು, ಹನ್ನೆರಡು ಎಂದು ಸಾಲಾಗಿ ಬಂದರೆ ಓದುವ ಕಿವಿಗೆ ಮಂಪರು ಹತ್ತುತ್ತದೆ. ಎರಡು ವಾಕ್ಯಗಳನ್ನು ಕೂಡಿಸಿ ಉದ್ದ ಮಾಡಿ, ಅದರ ಹಿಂದೆಯೇ ನಾಲ್ಕೈದು ಪದಗಳ ಒಂದು ವಾಕ್ಯವನ್ನು ಇಡಿ. ಆ ಚಿಕ್ಕ ವಾಕ್ಯದಲ್ಲಿ ನಿಮ್ಮ ಅತಿ ಮುಖ್ಯ ಮಾತಿರಲಿ.

ಉದ್ದ ವಾಕ್ಯವೆಂದರೆ ಕೆಟ್ಟ ವಾಕ್ಯ ಎಂದು ಭಯಪಡಬೇಡಿ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಅಬ್ರಹಾಂ ಲಿಂಕನ್ ಮಾಡಿದ ಭಾಷಣ ಇಡಿಯಾಗಿ ಸುಮಾರು 270 ಪದಗಳದ್ದು. ಅದರ ಕೊನೆಯ ವಾಕ್ಯವೊಂದರಲ್ಲೇ 80ಕ್ಕೂ ಹೆಚ್ಚು ಪದಗಳಿವೆ. ಆದರೂ ಕೇಳುವವರು ಎಲ್ಲೂ ದಾರಿ ತಪ್ಪುವುದಿಲ್ಲ, ಏಕೆಂದರೆ "ದಟ್" ಎಂದು ಆರಂಭವಾಗುವ ಉಪವಾಕ್ಯಗಳು ಒಂದೇ ಅಚ್ಚಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಈ ಒಂದೇ ಅಚ್ಚು ಎಂಬುದೇ ಮುಂದಿನ ಹಂತದ ಬುನಾದಿ.

ಹಂತ 5: ಈಗ ಅಲಂಕಾರಗಳು

ಅಲಂಕಾರ ಎಂದೊಡನೆ ನಮಗೆ ನೆನಪಾಗುವುದು ಉಪಮೆ ಮತ್ತು ರೂಪಕ. ಗ್ರೀಕ್ ಮತ್ತು ಲ್ಯಾಟಿನ್ ಪರಂಪರೆಯಿಂದ ಬಂದ ಇಂಗ್ಲಿಷ್ ಅಲಂಕಾರಶಾಸ್ತ್ರ ಇವುಗಳನ್ನು ಎರಡು ಗುಂಪು ಮಾಡುತ್ತದೆ. ಪದದ ಅರ್ಥವನ್ನು ತಿರುಗಿಸುವವು ಟ್ರೋಪ್‌ಗಳು. ಉಪಮೆಯ ಬಂಧುವಾದ ರೂಪಕ, ಅತಿಶಯೋಕ್ತಿ ಮುಂತಾದವು ಇಲ್ಲಿ ಬರುತ್ತವೆ. ಪದಗಳ ಜೋಡಣೆಯನ್ನು ಬದಲಿಸುವವು ಸ್ಕೀಮ್‌ಗಳು. ನಮ್ಮ ಗಮನಕ್ಕೆ ಬಾರದೆ ಉಳಿಯುವುದು ಈ ಎರಡನೆಯ ಗುಂಪು. ಗದ್ಯ ಬರೆಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ, ಆದ್ದರಿಂದ ಅದನ್ನೇ ಮೊದಲು ಕಲಿಯಿರಿ.

ಎಲ್ಲಕ್ಕೂ ತಳಹದಿ ಪ್ಯಾರಲಲಿಸಂ, ಸಮಾನ ರಚನೆ. ಒಂದೇ ಸಾಲಿನಲ್ಲಿ ಬರುವ ಅಂಶಗಳಿಗೆ ಒಂದೇ ವ್ಯಾಕರಣ ರೂಪವಿರಬೇಕು. "ಶಿ ಲೈಕ್ಸ್ ರೀಡಿಂಗ್, ಟು ಸ್ವಿಮ್ ಆ್ಯಂಡ್ ಮ್ಯೂಸಿಕ್" ಎಂಬಲ್ಲಿ ಮೂರು ಅಂಶಗಳಿಗೆ ಮೂರು ರೂಪ. "ರೀಡಿಂಗ್, ಸ್ವಿಮ್ಮಿಂಗ್ ಆ್ಯಂಡ್ ಸಿಂಗಿಂಗ್" ಎಂದರೆ ಸಾಲು ನೇರವಾಗುತ್ತದೆ. ಇದು ಬರದೆ ಮುಂದಿನ ಯಾವ ಅಲಂಕಾರವೂ ಬರುವುದಿಲ್ಲ.

ಸಮಾನ ರಚನೆಯ ಆರಂಭದಲ್ಲಿ ಒಂದೇ ಮಾತನ್ನು ಮರುಕಳಿಸಿದರೆ ಅದು ಅನಾಫೊರಾ. 1940ರ ಜೂನ್ 4ರಂದು ಬ್ರಿಟಿಷ್ ಸಂಸತ್ತಿನಲ್ಲಿ ವಿನ್‌ಸ್ಟನ್ ಚರ್ಚಿಲ್ "ವಿ ಶಲ್ ಫೈಟ್ ಆನ್ ದಿ ಬೀಚಸ್" ಎಂದು ಆ ಮೊದಲ ಮೂರು ಪದಗಳನ್ನು ಮತ್ತೆ ಮತ್ತೆ ಹೇಳುತ್ತಾ ಹೋಗಿ, ಕೊನೆಗೆ "ವಿ ಶಲ್ ನೆವರ್ ಸರೆಂಡರ್" ಎಂದು ಮುಗಿಸಿದರು. ಗಮನಿಸಿ: ಅಚ್ಚು ಕೊನೆಯಲ್ಲಿ ಮುರಿಯುತ್ತದೆ, ಆ ಮುರಿದ ಜಾಗದಲ್ಲೇ ಎಲ್ಲ ಬಲವೂ ಇದೆ. ಮರುಕಳಿಕೆ ಮಾಡುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಮರುಕಳಿಸಿ, ಆಮೇಲೆ ಮುರಿಯಿರಿ.

ಕೊನೆಯಲ್ಲಿ ಮರುಕಳಿಸಿದರೆ ಎಪಿಸ್ಟ್ರಫಿ. ಲಿಂಕನ್ ಅವರ "ಗವರ್ನಮೆಂಟ್ ಆಫ್ ದಿ ಪೀಪಲ್, ಬೈ ದಿ ಪೀಪಲ್, ಫಾರ್ ದಿ ಪೀಪಲ್" ಇದಕ್ಕೆ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯದ ಮರುಕಳಿಕೆ ನಮಗೆ ತಾನಾಗಿ ಒದಗುತ್ತದೆ. ಇಂಗ್ಲಿಷ್‌ನಲ್ಲಿ ಕರ್ತೃ, ಕ್ರಿಯಾಪದ ಮುಂದೆ ನಿಲ್ಲುವುದರಿಂದ ಆರಂಭದ ಮರುಕಳಿಕೆ ಸುಲಭ, ಅಂತ್ಯದ್ದನ್ನು ಯೋಚಿಸಿ ಕಟ್ಟಬೇಕಾಗುತ್ತದೆ. ಮೊದಲು ಅನಾಫೊರಾವನ್ನೇ ಅಭ್ಯಾಸ ಮಾಡಿ.

ಎದುರುಬದುರು ಅರ್ಥಗಳನ್ನು ಸಮಾನ ರಚನೆಯಲ್ಲಿ ನಿಲ್ಲಿಸುವುದು ಆ್ಯಂಟಿಥೆಸಿಸ್. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟಾಗ ನೀಲ್ ಆರ್ಮ್‌ಸ್ಟ್ರಾಂಗ್ ಹೇಳಿದ ಮಾತಿನಲ್ಲಿ "ಸ್ಮಾಲ್ ಸ್ಟೆಪ್" ಎದುರಿಗೆ "ಜಯಂಟ್ ಲೀಪ್" ನಿಂತಿದೆ. ಪದಗಳ ಕ್ರಮವನ್ನೇ ಹಿಂದುಮುಂದು ಮಾಡಿದರೆ ಅದು ಕಯಾಸ್ಮಸ್. 1961ರ ಜನವರಿ 20ರಂದು ಅಧ್ಯಕ್ಷ ಪದವಿ ಸ್ವೀಕರಿಸಿ ಜಾನ್ ಎಫ್. ಕೆನಡಿ, ದೇಶ ನಿಮಗೆ ಏನು ಮಾಡಬಲ್ಲದೆಂದು ಕೇಳಬೇಡಿ, ನೀವು ದೇಶಕ್ಕೆ ಏನು ಮಾಡಬಲ್ಲಿರೆಂದು ಕೇಳಿ ಎಂದರಲ್ಲ, ಅಲ್ಲಿ "ಕಂಟ್ರಿ" ಮತ್ತು "ಯು" ಜಾಗ ಬದಲಿಸಿಕೊಳ್ಳುತ್ತವೆ. ಕೇಳಲು ಇದು ಅತ್ಯಂತ ಆಕರ್ಷಕ, ಅದಕ್ಕಾಗಿಯೇ ಅಪಾಯಕಾರಿ. ತಿರುಗಿಸಿದ ಮೇಲೆ ಅರ್ಥ ನಿಜವಾಗಿಯೂ ಬದಲಾಗಿದೆಯೇ ಎಂದು ಪರೀಕ್ಷಿಸಿ. ಬದಲಾಗದಿದ್ದರೆ ಅದು ಬರಿಯ ಸದ್ದು.

ಕೂಡಿಸುವ ಪದಗಳನ್ನು ಬಿಟ್ಟು ಬರೆದರೆ ಅಸಿಂಡೆಟನ್, ಬೇಕೆಂದೇ ಎಲ್ಲ ಕಡೆ ಹಾಕಿದರೆ ಪಾಲಿಸಿಂಡೆಟನ್. ಹೆಸರು ಭಾರವಾದರೂ ಕೆಲಸ ಸರಳ. ಜೂಲಿಯಸ್ ಸೀಸರನ ಮಾತೆಂದು ಪ್ರಸಿದ್ಧವಾದ ಲ್ಯಾಟಿನ್ ವಾಕ್ಯದ ಇಂಗ್ಲಿಷ್ ರೂಪ "ಐ ಕೇಮ್, ಐ ಸಾ, ಐ ಕಾಂಕರ್ಡ್" ಎಂಬಲ್ಲಿ "ಆ್ಯಂಡ್" ಇಲ್ಲದಿರುವುದರಿಂದಲೇ ವೇಗ ಬಂದಿದೆ. "ಶಿ ವಾಶ್ಡ್ ಆ್ಯಂಡ್ ಸ್ವೆಪ್ಟ್ ಆ್ಯಂಡ್ ಕುಕ್ಡ್ ಆ್ಯಂಡ್ ವೇಟೆಡ್" ಎಂಬಲ್ಲಿ ಪ್ರತಿ "ಆ್ಯಂಡ್" ಕೆಲಸದ ಭಾರವನ್ನು ಹೆಚ್ಚಿಸುತ್ತದೆ. ವೇಗ ಬೇಕಾದರೆ ತೆಗೆಯಿರಿ, ಭಾರ ಬೇಕಾದರೆ ಸೇರಿಸಿ.

ಮೂರು ಸಮಾನ ಅಂಶಗಳ ಗುಂಪು ಟ್ರೈಕೊಲನ್. ಮೂರರಲ್ಲಿ ಅತಿ ಉದ್ದದ್ದನ್ನು ಅಥವಾ ಅತಿ ಬಲವಾದದ್ದನ್ನು ಕೊನೆಗೆ ಇಡಿ. ಹೇಳಲು ಎರಡೇ ಅಂಶವಿರುವಾಗ ಲೆಕ್ಕ ತುಂಬಿಸಲು ಮೂರನೆಯದನ್ನು ಹುಟ್ಟಿಸಬೇಡಿ. ಈ ಚಟ ಇತ್ತೀಚೆಗೆ ಬಹಳ ಹೆಚ್ಚಾಗಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ರೂಪಕದ ಬಗ್ಗೆ ಒಂದೇ ಎಚ್ಚರಿಕೆ: ಒಂದು ವಾಕ್ಯದಲ್ಲಿ ಎರಡು ರೂಪಕಗಳನ್ನು ಬೆರೆಸಬೇಡಿ. "ವಿ ಮಸ್ಟ್ ಪ್ಲಾಂಟ್ ದಿ ಫೌಂಡೇಷನ್" ಎಂದರೆ ತಳಪಾಯವನ್ನು ಸಸಿಯಂತೆ ನೆಟ್ಟಹಾಗಾಗುತ್ತದೆ. ಅನುಪ್ರಾಸ, ಅಂದರೆ ಅಲಿಟರೇಷನ್, ಶೀರ್ಷಿಕೆಗೆ ಚೆನ್ನ, ವಾದಕ್ಕೆ ಬೇಡ.

ಹಂತ 6: ಎಲ್ಲಿ ಎಷ್ಟು

ಭಾಷಣ ಮರುಕಳಿಕೆಯನ್ನು ತಾಳಿಕೊಳ್ಳುತ್ತದೆ, ಏಕೆಂದರೆ ಕೇಳುವವರು ಹಿಂದಿನ ಪುಟಕ್ಕೆ ಮರಳಲಾರರು. ಕಚೇರಿಯ ವರದಿಗೆ ಸಮಾನ ರಚನೆ ಮತ್ತು ಸರಿಯಾದ ವಾಕ್ಯಾಂತ್ಯ ಸಾಕು. ಪ್ರಬಂಧದಲ್ಲಿ ಒಂದು ಪ್ಯಾರಾಕ್ಕೆ ಒಂದು ಎದ್ದುಕಾಣುವ ಅಲಂಕಾರ ಎಂಬ ಮಿತಿಯನ್ನು ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಬೇರೆಯವರ ಬರಹವನ್ನು ವಿಶ್ಲೇಷಿಸುವ ಪ್ರಶ್ನೆ ಬಂದರೆ ಅಲಂಕಾರದ ಹೆಸರನ್ನಷ್ಟೇ ಬರೆದು ನಿಲ್ಲಿಸಬೇಡಿ. ಅದು ಆ ಜಾಗದಲ್ಲಿ ಓದುಗರಿಗೆ ಏನು ಮಾಡುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಿ.

ಹಂತ 7: ತಿದ್ದಿ ಬರೆಯುವುದು

ಇಲ್ಲೊಂದು ಸಾಧಾರಣ ಪ್ಯಾರಾ: "ರೀಡಿಂಗ್ ಈಸ್ ಎ ವೆರಿ ಗುಡ್ ಹ್ಯಾಬಿಟ್. ಇಟ್ ಗಿವ್ಸ್ ಅಸ್ ನಾಲೆಜ್. ಇಟ್ ಇಂಪ್ರೂವ್ಸ್ ಅವರ್ ಲ್ಯಾಂಗ್ವೇಜ್ ಆಲ್ಸೋ. ವಿ ಡು ನಾಟ್ ನೀಡ್ ಎ ಟೀಚರ್ ಫಾರ್ ಇಟ್. ಬಟ್ ವಿ ಡು ನಾಟ್ ರೀಡ್ ಡೈಲಿ." ತಪ್ಪೊಂದೂ ಇಲ್ಲ. ಐದೂ ಸಾಮಾನ್ಯ ವಾಕ್ಯಗಳು, ಉದ್ದ ಹೆಚ್ಚುಕಡಿಮೆ ಒಂದೇ, ಕೊನೆಯ ಸ್ಥಾನದಲ್ಲಿ ಒಮ್ಮೆ "ಆಲ್ಸೋ", ಒಮ್ಮೆ "ಫಾರ್ ಇಟ್".

ತಿದ್ದಿದ ರೂಪ: "ರೀಡಿಂಗ್ ಗಿವ್ಸ್ ಅಸ್ ನಾಲೆಜ್ ಆ್ಯಂಡ್ ಇಂಪ್ರೂವ್ಸ್ ಅವರ್ ಲ್ಯಾಂಗ್ವೇಜ್. ಇಟ್ ಆಸ್ಕ್ಸ್ ಫಾರ್ ನೋ ಟೀಚರ್, ನೋ ಕ್ಲಾಸ್‌ರೂಮ್, ನೋ ಫಿಕ್ಸ್ಡ್ ಅವರ್. ಬಿಕಾಸ್ ಇಟ್ ಆಸ್ಕ್ಸ್ ಸೋ ಲಿಟಲ್, ವಿ ಕೀಪ್ ಪುಟಿಂಗ್ ಇಟ್ ಆಫ್."

ಮಾಡಿದ್ದೇನು? ಮಾಹಿತಿಯನ್ನೇ ಕೊಡದ ಮೊದಲ ವಾಕ್ಯ ಹೋಯಿತು. ಎರಡು ಪ್ರಯೋಜನಗಳು ಸಮಾನ ರಚನೆಯಲ್ಲಿ ಒಂದಾದವು. "ನೋ" ಮೂರು ಸಲ ಬಂದು ಟ್ರೈಕೊಲನ್ ಆಯಿತು, ನಡುವೆ "ಆ್ಯಂಡ್" ಇಲ್ಲದ್ದರಿಂದ ಪಟ್ಟಿಗೆ ವೇಗ ಬಂತು. ಕೊನೆಯದು ಮಿಶ್ರ ವಾಕ್ಯ. ಕಾರಣ ಅಧೀನ ಉಪವಾಕ್ಯದಲ್ಲಿದೆ, ಮುಂದೂಡುವ ನಮ್ಮ ಸ್ವಭಾವ ವಾಕ್ಯದ ಕೊನೆಯಲ್ಲಿದೆ. ಅಲಂಕಾರವನ್ನು ಹೊರಗಿನಿಂದ ತಂದು ಅಂಟಿಸಿದ್ದು ಎಲ್ಲೂ ಇಲ್ಲ. ನಿಮ್ಮ ಬರಹವನ್ನೂ ಇದೇ ಕ್ರಮದಲ್ಲಿ ತಿದ್ದಿ: ಮೊದಲು ಖಾಲಿ ವಾಕ್ಯಗಳನ್ನು ತೆಗೆಯುವುದು, ಆಮೇಲೆ ಕೂಡಿಸುವುದು, ಆಮೇಲೆ ವಾಕ್ಯಾಂತ್ಯ ಸರಿಪಡಿಸುವುದು, ಕೊನೆಗೆ ಒಂದೇ ಒಂದು ಅಲಂಕಾರ.

ಅಭ್ಯಾಸಕ್ಕೆ ಎರಡು ವಾಕ್ಯ ಕೊಡುತ್ತೇನೆ. "ದಿ ಬ್ರಿಡ್ಜ್ ವಾಸ್ ನ್ಯೂ. ಇಟ್ ಕೊಲ್ಯಾಪ್ಸ್ಡ್." ಇವೆರಡನ್ನು ಮೂರು ಬಗೆಯಲ್ಲಿ ಕೂಡಿಸಿ, ಪ್ರತಿಯೊಂದರಲ್ಲೂ ಒತ್ತು ಎಲ್ಲಿ ಬಿತ್ತೆಂದು ಬರೆಯಿರಿ. ನಂತರ ನನ್ನವುಗಳೊಂದಿಗೆ ಹೋಲಿಸಿ. "ದಿ ಬ್ರಿಡ್ಜ್ ವಾಸ್ ನ್ಯೂ, ಬಟ್ ಇಟ್ ಕೊಲ್ಯಾಪ್ಸ್ಡ್": ಎರಡು ಸಂಗತಿಗಳೂ ಸಮವಾಗಿ ನಿಂತಿವೆ. "ಆಲ್ದೋ ಇಟ್ ವಾಸ್ ನ್ಯೂ, ದಿ ಬ್ರಿಡ್ಜ್ ಕೊಲ್ಯಾಪ್ಸ್ಡ್": ಕುಸಿತವೇ ಸುದ್ದಿ. "ದಿ ಬ್ರಿಡ್ಜ್ ದಟ್ ಕೊಲ್ಯಾಪ್ಸ್ಡ್ ವಾಸ್ ನ್ಯೂ": ಕುಸಿತ ಆಗಲೇ ಗೊತ್ತಿರುವ ಸಂಗತಿಯಾಗಿ ಹಿಂದೆ ಸರಿದು, ಹೊಸ ಸೇತುವೆ ಎಂಬುದು ಆರೋಪವಾಗಿ ಮುಂದೆ ಬಂದಿದೆ.